21 ವರ್ಷ ಗ್ಯಾರೇಜಿನಲ್ಲೇ ನಿಂತಿದ್ದ ಎಂಜಿಬಿ: ಸೆಲ್ಫ್ ಹೊಡೆಯಲಾ, ಬೇಡವಾ?

ರೆಡಿಂಗ್‌ವಾಸಿ · ಶನಿವಾರ ರಾತ್ರಿ

ನಮಸ್ಕಾರ. ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಊರು ಅರಸೀಕೆರೆ. ಕಾರಿನ ಕೆಲಸ ಅಂದರೆ ನನಗೆ ಗೊತ್ತಿರುವುದು ಆಯಿಲ್ ಬದಲಿಸುವುದು, ಪ್ಲಗ್ ಬಿಚ್ಚುವುದು, ಅಷ್ಟೇ. ಈಗ ಅದಕ್ಕಿಂತ ದೊಡ್ಡದೊಂದನ್ನು ಮೈಮೇಲೆ ಎಳೆದುಕೊಂಡಿದ್ದೇನೆ.

ನಮ್ಮ ಬೀದಿಯ ಕೊನೇ ಮನೆಯ ತಾತ ಹೋದ ವರ್ಷ ತೀರಿಕೊಂಡರು. ಅವರ ಗ್ಯಾರೇಜಿನಲ್ಲಿ 1970ರ ಎಂಜಿಬಿ ರೋಡ್‌ಸ್ಟರ್ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದಿತ್ತು. ಕಡು ಹಸಿರು, ಎರಡೇ ಸೀಟು, ಮೇಲೆ ಮಡಚುವ ಕ್ಯಾನ್ವಾಸ್ ಟಾಪು. ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಅಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದದ್ದು. ಅಪರೂಪದ ಕಾರೇನೂ ಅಲ್ಲ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ, ಬಿಡಿಭಾಗ ಈಗಲೂ ಸಿಗುತ್ತದೆ. ಅಜ್ಜಿ ಕೇಳಿದ್ದು ಇಷ್ಟೇ: ಗುಜರಿಯವನು ನೋಡಿಕೊಂಡು ಹೋಗಿದ್ದಾನೆ, ನೀನು ತಗೊಳ್ತೀಯಾ? 1,200 ಪೌಂಡು ಕೊಟ್ಟು ತಳ್ಳಿಕೊಂಡು ಬಂದೆ. ತಳ್ಳಿಕೊಂಡು ಅಂದರೆ, ಹ್ಯಾಂಡ್‌ಬ್ರೇಕ್ ಹಿಡಿದುಬಿಟ್ಟಿತ್ತು. ಹಿಂದಿನ ಎರಡು ಚಕ್ರದ ಕೆಳಗೂ ಗಾಲಿ ಹಲಗೆ ಕೊಟ್ಟು ನಾಲ್ಕು ಜನ ಎಳೆದೆವು.

ಮುಂದಿನ ಗಾಜಿನ ಮೇಲೆ ರೋಡ್ ಟ್ಯಾಕ್ಸಿನ ದುಂಡನೆ ಕಾಗದ ಹಾಗೇ ಅಂಟಿಕೊಂಡಿದೆ, 2003ರದ್ದು. ಆ ಕಾಗದ ಅಂಟಿಸುವ ಪದ್ಧತಿಯೇ ಇಲ್ಲಿ 2014ರಲ್ಲಿ ನಿಂತುಹೋಯಿತು. ಸೀಟಿನ ಕೆಳಗೆ ಇಲಿ ಗೂಡು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಹಳೇ ವಾರ್ನಿಷ್ ಡಬ್ಬದ ವಾಸನೆ. ನಾಲ್ಕೂ ಟೈರು ಫ್ಲಾಟ್.

ಕೀ ಸಿಕ್ಕಿದೆ. ಬ್ಯಾಟರಿ ಹಾಕಿ ಒಂದೇ ಒಂದು ಸಲ ಸೆಲ್ಫ್ ಹೊಡೆದು ನೋಡೋಣ ಅಂತ ಕೈ ತುರಿಸುತ್ತಿದೆ. ಹೊಡೆಯಲಾ?

ಜೆಪಿನಗರದ_ಪದ್ಮಿನಿ

ಬೇಡ. ಕೀ ತೆಗೆದು ಹೆಂಡತಿ ಕೈಗೆ ಕೊಡಿ, ಬಚ್ಚಿಡಲಿ.

21 ವರ್ಷದಲ್ಲಿ ಸಿಲಿಂಡರಿನ ಗೋಡೆ ಮೇಲಿದ್ದ ಎಣ್ಣೆ ಎಲ್ಲ ಇಳಿದುಹೋಗಿರುತ್ತದೆ. ಪಿಸ್ಟನ್ ರಿಂಗು ಎಲ್ಲಿ ನಿಂತಿತ್ತೋ ಅಲ್ಲೇ ಬೋರಿಗೆ ತುಕ್ಕು ಹಿಡಿದಿರಬಹುದು. ವಾಲ್ವ್ ಗೈಡಿನಲ್ಲಿ ಕಚ್ಚಿಕೊಂಡಿರಬಹುದು. ನೀವು ಸೆಲ್ಫ್ ಹೊಡೆದರೆ ಮೋಟಾರಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದು ತಿರುಗಿಸುತ್ತದೆ, ಏನೋ ಒಂದು ಮುರಿಯುತ್ತದೆ.

ಇದು ಓದಿದ ಮಾತಲ್ಲ. ನನ್ನ ಪದ್ಮಿನಿ ಕಾರು ಆರೇ ವರ್ಷ ನಿಂತಿತ್ತು. ಹೊಸ ಬ್ಯಾಟರಿ ತಂದ ಖುಷಿಯಲ್ಲಿ ಸೆಲ್ಫ್ ಹೊಡೆದೆ. ಎಂಜಿನ್ ಎರಡು ಸುತ್ತು ತಿರುಗಿತು, 'ಟಣ್' ಅಂತ ಒಂದು ಶಬ್ದ. ಎಕ್ಸಾಸ್ಟ್ ವಾಲ್ವ್ ಹಿಡಿದಿತ್ತು, ವಾಲ್ವನ್ನು ತಳ್ಳುವ ಪುಶ್ ರಾಡ್ ಬಿಲ್ಲಿನ ಹಾಗೆ ಬಾಗಿತ್ತು. ಜೆ.ಸಿ. ರಸ್ತೆಯಲ್ಲಿ ಮೂರು ಶನಿವಾರ ಅಲೆದ ಮೇಲೆ ಒಂದು ಸಿಕ್ಕಿತು.

ಮೊದಲು ನಾಲ್ಕೂ ಪ್ಲಗ್ ಬಿಚ್ಚಿ. ಪ್ರತಿ ತೂತಿಗೆ ಎರಡು ಚಮಚ ತೆಳು ಎಣ್ಣೆ ಬಿಡಿ. ಮೇಲಿನ ರಾಕರ್ ಕವರ್ ತೆಗೆದು ವಾಲ್ವ್ ಸ್ಪ್ರಿಂಗಿನ ಮೇಲೂ ಸುರಿಯಿರಿ. ಎರಡು ಮೂರು ದಿನ ಸುಮ್ನೆ ಬಿಡಿ. ಆಮೇಲೆ ಕೈಯಿಂದ ತಿರುಗಿಸಿ, ಸೆಲ್ಫಿನಿಂದ ಅಲ್ಲ.

ವೀಕೆಂಡ್_ವೀರ

ಅಯ್ಯೋ ಇಷ್ಟೆಲ್ಲ ಯಾಕೆ ಸರ್? ಕಾರ್ಬೊರೇಟರಿಗೆ ಸ್ವಲ್ಪ ಪೆಟ್ರೋಲ್ ಸುರಿದು ಹೊಡೆದರೆ 'ಢರ್' ಅಂತ ಶುರುವಾಗುವ ವಿಡಿಯೋ ಸಾವಿರ ಇದೆ. ಹಳೇ ಎಂಜಿನ್ ಗಟ್ಟಿ.

ಜೆಪಿನಗರದ_ಪದ್ಮಿನಿ

ಶುರುವಾಗದ್ದನ್ನು ಯಾರೂ ಅಪ್‌ಲೋಡ್ ಮಾಡುವುದಿಲ್ಲ, ಅಲ್ವಾ?

ತುಕ್ಕಿಗೆ_ಅಂಜದವ

ನಾನು ಕವೆಂಟ್ರಿಯಲ್ಲಿದ್ದೇನೆ. ಎಂಜಿನ್ ಆಮೇಲೆ. ಮೊದಲು ಕಾರಿನ ಕೆಳಗೆ ಮಲಗಿ.

ಎಂಜಿಬಿಗೆ ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಬಾಗಿಲ ಕೆಳಗೆ ಉದ್ದಕ್ಕೆ ಡಬ್ಬದ ಥರ ಓಡುತ್ತದಲ್ಲ, ಸಿಲ್ ಅನ್ನುತ್ತಾರೆ, ಇಡೀ ಕಾರಿನ ಬೆನ್ನುಮೂಳೆ ಅದು. ಅದರಲ್ಲೂ ರೋಡ್‌ಸ್ಟರಿಗೆ ಮೇಲೆ ತಗಡಿನ ಛಾವಣಿ ಇಲ್ಲ, ಎಲ್ಲ ಭಾರವೂ ಸಿಲ್ಲಿನ ಮೇಲೆಯೇ. ಒಳಗೆ ನೀರು ನಿಂತು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ.

ಹಳೇ ಸ್ಕ್ರೂಡ್ರೈವರ್ ತಗೊಂಡು ಕೆಳಗಿನ ಅಂಚನ್ನು ಗಟ್ಟಿಯಾಗಿ ಒತ್ತುತ್ತಾ ಹೋಗಿ. 'ಠಣ್' ಅಂದರೆ ಬದುಕಿದಿರಿ. ಹಪ್ಪಳದ ಹಾಗೆ 'ಕರ್' ಅಂದರೆ ಟಿಂಕರಿಂಗ್ ಖರ್ಚು ಎಂಜಿನ್ ಖರ್ಚಿಗಿಂತ ದೊಡ್ಡದು. ಇನ್ನೊಂದು ಪರೀಕ್ಷೆ: ಬಾಗಿಲು ತೆರೆದು ಆ ಬದಿಗೆ ಜಾಕ್ ಕೊಟ್ಟು ಎತ್ತಿ. ಆಮೇಲೆ ಬಾಗಿಲು ಮೊದಲಿನ ಹಾಗೆ ಮುಚ್ಚಿಕೊಳ್ಳದಿದ್ದರೆ ಬಾಡಿ ಬಾಗುತ್ತಿದೆ ಅಂತ. ಜಾಕೇ ಮೇಲಕ್ಕೆ ತೂರಿಕೊಂಡು ಹೋದರೆ ಹೇಳುವುದೇ ಬೇಡ.

ಹೆದರಿಸುತ್ತಿಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಹಳೇ ಅಚ್ಚುಗಳನ್ನು ಹುಡುಕಿ ತಂದು 1988ರಿಂದ ಎಂಜಿಬಿಗೆ ಹೊಚ್ಚಹೊಸ ಬಾಡಿಯನ್ನೇ ಮಾಡಿ ಮಾರಿದ್ದಾರೆ. ಅಷ್ಟು ಜನಕ್ಕೆ ಬೇಕಾಗಿತ್ತು ಅಂದರೆ ಎಷ್ಟು ಕಾರು ಕೊಳೆತಿರಬೇಕು ಲೆಕ್ಕ ಹಾಕಿ.

ರೆಡಿಂಗ್‌ವಾಸಿ · ಭಾನುವಾರ

ಒತ್ತಿ ನೋಡಿದೆ. ಡ್ರೈವರ್ ಕಡೆ ಉದ್ದಕ್ಕೂ 'ಠಣ್'. ಎಡಗಡೆ, ಹಿಂದಿನ ಚಕ್ರದ ಮುಂದೆ, ಸ್ಕ್ರೂಡ್ರೈವರ್ ಹಿಡಿವರೆಗೆ ಒಳಗೆ ಹೋಯಿತು. ಹೊರಗೆ ಎಳೆದಾಗ ಕಾಫಿ ಪುಡಿಯಂಥದ್ದು ಒಂದು ಹಿಡಿ ಉದುರಿತು.

ಅರ್ಧ ಗಂಟೆ ಗ್ಯಾರೇಜಿನ ಬಾಗಿಲಲ್ಲಿ ಕೂತಿದ್ದೆ. ಆಮೇಲೆ ಲೆಕ್ಕ ಹಾಕಿದೆ. ವೆಲ್ಡಿಂಗ್ ನನ್ನ ಕೈಯಲ್ಲಿ ಆಗುವುದಿಲ್ಲ, ದುಡ್ಡು ಕೊಟ್ಟೇ ಮಾಡಿಸಬೇಕು. ಎಂಜಿನ್ ಸತ್ತಿದ್ದರೆ ಆ ದುಡ್ಡು ಹಾಕುವುದೇ ಬೇಡ. ಹಾಗಾಗಿ ಎಂಜಿನ್ ಜೀವ ಇದೆಯಾ ಅಂತ ಮೊದಲು ನೋಡುತ್ತೇನೆ. ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟಾಯಿತು.

ತಿಪಟೂರು_ಟ್ಯಾಕ್ಸಿ

ಅಣ್ಣ ಅರಸೀಕೆರೆಯವರಾ? ನಾವು ತಿಪಟೂರು. ನಮ್ಮಪ್ಪ ಇಲ್ಲಿನ ಸ್ಟ್ಯಾಂಡಿನಲ್ಲಿ ಅಂಬಾಸಿಡರ್ ಓಡಿಸುತ್ತಿದ್ದರು, ರಿಪೇರಿಯೂ ಅವರೇ. ಈಗ 74 ವರ್ಷ. ನಿಮ್ಮ ಎಂಜಿನ್ನಿನ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ನಿಮಿಷ ನೋಡಿದರು. "ಇದು ನಮ್ಮ ಗಾಡಿ ಎಂಜಿನ್ನಲ್ವೇನೋ? ಕಾರ್ಬೊರೇಟರ್ ಯಾಕೆ ಎರಡು ಹಾಕಿದ್ದಾರೆ? ಒಂದನ್ನ ಟ್ಯೂನ್ ಮಾಡೋದೇ ಸಾಕಾಗ್ತಿತ್ತು" ಅಂದರು.

ಸುಮ್ನೆ_ಓದುವವಳು

ಇದು ನಿಜವಾ? ಸ್ಪೋರ್ಟ್ಸ್ ಕಾರಿಗೂ ಅಂಬಾಸಿಡರಿಗೂ ಒಂದೇ ಎಂಜಿನ್ನಾ? ನಮ್ಮ ತಂದೆಯ ಅಂಬಾಸಿಡರ್ ಸ್ಪೋರ್ಟ್ಸ್ ಕಾರಿನ ಹಾಗೆ ಓಡಿದ್ದು ನಾನಂತೂ ನೋಡಿಲ್ಲ.

ತುಕ್ಕಿಗೆ_ಅಂಜದವ

ನಿಜ. ಎರಡೂ ಬಿಎಂಸಿ ಅನ್ನುವ ಬ್ರಿಟಿಷ್ ಕಂಪನಿಯ ಬಿ-ಸೀರೀಸ್ ಎಂಜಿನ್. ಅಂಬಾಸಿಡರಿನ ಹಳೇ ಪೆಟ್ರೋಲ್ ಎಂಜಿನ್ 1489 ಸಿಸಿ, ಎಂಜಿಬಿಯದ್ದು 1798. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ ಎರಡರಲ್ಲೂ 88.9 ಮಿಲಿಮೀಟರ್, ಅಂದರೆ ಸರಿಯಾಗಿ ಮೂರೂವರೆ ಇಂಚು. ಬೋರ್ (ಸಿಲಿಂಡರಿನ ಒಳ ಅಗಲ) ಮಾತ್ರ 73 ಮಿಲಿಮೀಟರ್ ಇದ್ದದ್ದು 80ಕ್ಕೆ ಅಗಲವಾಯಿತು. ಒಂದೇ ಮನೆಯ ಅಣ್ಣತಮ್ಮಂದಿರು. ಒಬ್ಬ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದ, ಒಬ್ಬ ರೇಸಿಗೆ ಹೋದ.

ಮಿಚಿಗನ್_ಮಾಣಿ

ಇಂಥ ಸಂಬಂಧ ಬೇರೆಯೂ ಇದೆ. ನನ್ನ ಹತ್ತಿರ ಟ್ರಯಂಫ್ ಸ್ಪಿಟ್‌ಫೈರ್ ಇದೆ. ಅದರ ಚಾಸಿಸ್ ಟ್ರಯಂಫ್ ಹೆರಾಲ್ಡಿನದನ್ನೇ ಗಿಡ್ಡ ಮಾಡಿ ಮಾಡಿದ್ದು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿದೆಯಲ್ಲ, ಅದೇ.

ಆದರೆ ನಾನು ಬಂದದ್ದು ಬ್ರೇಕಿನ ಮಾತಾಡಲು. ಎಂಜಿನ್ ಶುರುವಾಗುವ ಮೊದಲು ಬ್ರೇಕ್ ಮಾಡಿ. ಸ್ಪಿಟ್‌ಫೈರ್ ಮೊದಲ ಸಲ ಶುರುವಾದ ಸಂಭ್ರಮದಲ್ಲಿ ಒಂದು ಅಡಿ ಹಿಂದೆ ತಗೊಳ್ಳೋಣ ಅಂತ ರಿವರ್ಸ್ ಹಾಕಿದೆ. ಪೆಡಲ್ ಒತ್ತಿದರೆ ನೆಲಕ್ಕೆ ಹೋಗಿ ಅಲ್ಲೇ ಮಲಗಿತು. ಗ್ಯಾರೇಜಿನ ಬಾಗಿಲು ಹೊಸದು, ಹಾಕಿಸಿ ಒಂದು ತಿಂಗಳಾಗಿತ್ತು. ಹೆಂಡತಿ ಆ ಬಾಗಿಲಿನ ಬಿಲ್ಲನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ, ಇನ್ನೂ ತೆಗೆದಿಲ್ಲ.

ರೆಡಿಂಗ್‌ವಾಸಿ · ಗುರುವಾರ

ತಿರುಗಿತು!

ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸಾಕೆಟ್ ಕೂರಿಸುವುದೇ ಒಂದು ಸರ್ಕಸ್, ಸ್ಟೀರಿಂಗ್ ರ್ಯಾಕ್ ಅಡ್ಡ ಬರುತ್ತದೆ. ಮೊದಲ ದಿನ ಅಲ್ಲಾಡಲೇ ಇಲ್ಲ. ಮತ್ತೆ ಎಣ್ಣೆ ಬಿಟ್ಟೆ. ಎರಡನೇ ದಿನವೂ ಇಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಹೋಗಿ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಅಂತ ಆಡಿಸುತ್ತಾ ಇದ್ದೆ. ಒಂದು ಸಲ ಕೂದಲೆಳೆಯಷ್ಟು ಬಿಟ್ಟುಕೊಟ್ಟಿತು. ಅಲ್ಲಿಂದ ಹತ್ತು ನಿಮಿಷದಲ್ಲಿ ಪೂರ್ತಿ ಒಂದು ಸುತ್ತು. ಎರಡನೇ ಪ್ಲಗ್ ತೂತಿನಿಂದ ಕಂದು ಎಣ್ಣೆ ಚಿಮ್ಮಿ ಅಂಗಿ ಹಾಳಾಯಿತು. ವಾಲ್ವ್ ಎಂಟೂ ಮೇಲೆ ಕೆಳಗೆ ಹೋಗುತ್ತಿವೆ, ಒಂದೂ ಹಿಡಿದಿಲ್ಲ.

ಬ್ಯಾಟರಿ ಹುಡುಕಲು ಹೋಗಿ ನಗು ಬಂತು. ಬಾನೆಟ್ ಕೆಳಗೆ ಇಲ್ಲವೇ ಇಲ್ಲ. ಸೀಟಿನ ಹಿಂದೆ ಕಾರ್ಪೆಟ್ ಎತ್ತಿದರೆ ಮುಚ್ಚಳ, ಅದರ ಕೆಳಗೆ ಆರಾರು ವೋಲ್ಟಿನ ಎರಡು ಬ್ಯಾಟರಿ, ಸರಣಿಯಲ್ಲಿ ಸೇರಿಸಿ ಹನ್ನೆರಡು. ಎರಡೂ ಬಿಳಿ ಉಪ್ಪು ಕಟ್ಟಿ ಕಲ್ಲಾಗಿದ್ದವು.

ಪೆಟ್ರೋಲ್ ಪಂಪೂ ಅಲ್ಲೇ ಹಿಂದೆ, ಬಲಗಡೆ ಬ್ಯಾಟರಿ ಪೆಟ್ಟಿಗೆ ಹತ್ತಿರ. ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪು, ಕೀ ತಿರುಗಿಸಿದರೆ 'ಟಿಕ್ ಟಿಕ್' ಅನ್ನಬೇಕಂತೆ. ಕರೆಂಟ್ ಕೊಟ್ಟೆ, ಮೌನ.

ಜೆಪಿನಗರದ_ಪದ್ಮಿನಿ

ಪಂಪಿನ ಒಳಗೂ ಪಾಯಿಂಟ್ (ಕರೆಂಟನ್ನು ಕೂಡಿಸಿ ಬಿಡಿಸುವ ಲೋಹದ ತುದಿ) ಇರುತ್ತದೆ, ನಿಂತು ನಿಂತು ಕಪ್ಪಾಗಿರುತ್ತದೆ. ಸ್ಪ್ಯಾನರಿನ ಹಿಂಬದಿಯಿಂದ ಮೆಲ್ಲಗೆ ಒಂದು ಕೊಡಿ. ಎದ್ದರೆ ಕಾಯಿಲೆ ಅದೇ. ಬಿಚ್ಚಿ ಪಾಯಿಂಟ್ ಉಜ್ಜಿ. ಒಣ ಪಂಪನ್ನು ಜಾಸ್ತಿ ಹೊತ್ತು ಓಡಿಸಬೇಡಿ.

ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲನ್ನು ಮಾತ್ರ ಒಂದು ತೊಟ್ಟೂ ಎಂಜಿನ್ನಿಗೆ ಬಿಡಬೇಡಿ. ಅದು ಈಗ ಪೆಟ್ರೋಲಲ್ಲ, ಅಂಟು.

ರೆಡಿಂಗ್‌ವಾಸಿ

ಒಂದು ಏಟಿಗೇ ಎದ್ದಿತು. 'ಟಿಕ್ ಟಿಕ್ ಟಿಕ್'. ಪಾಯಿಂಟ್ ಉಜ್ಜಿ ಹಾಕಿದೆ.

ಟ್ಯಾಂಕು ಖಾಲಿ ಮಾಡಿ ತೊಳೆದೆ. ಹೊಸ ಪೆಟ್ರೋಲ್ ಯಾವುದು ಹಾಕಲಿ? ಇಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಅಂದರೆ ಇ-10, ಶೇಕಡಾ ಹತ್ತರವರೆಗೆ ಎಥನಾಲ್ ಬೆರೆಸಿದ್ದು. ಇ-5 ಬೇಕಾದರೆ ದುಬಾರಿ ಸೂಪರ್ ಹಾಕಿಸಬೇಕು.

ತುಕ್ಕಿಗೆ_ಅಂಜದವ

ಕಣ್ಣು ಮುಚ್ಚಿ ಇ-5. ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರು ಎಳೆದುಕೊಳ್ಳುತ್ತದೆ, ನಿಲ್ಲಿಸಿಟ್ಟರೆ ಟ್ಯಾಂಕ್ ಒಳಗೇ ತುಕ್ಕು. ಯಾವುದು ಹಾಕಿದರೂ ಪೆಟ್ರೋಲ್ ಪೈಪುಗಳನ್ನು ಮಾತ್ರ ಈಗಲೇ ಎಲ್ಲ ಬದಲಿಸಿ, ಎಥನಾಲ್ ತಡೆಯುವಂಥದ್ದೇ ತನ್ನಿ. ಈ ಎಂಜಿನ್ನಿನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟೂ ಒಂದೇ ಬದಿಗೆ, ಒಂದರ ಮೇಲೊಂದು. ಮೇಲಿನಿಂದ ಸೋರಿದರೆ ಕೆಂಡದ ಮೇಲೆಯೇ ಬೀಳುತ್ತದೆ. ಫೈರ್ ಎಕ್ಸ್‌ಟಿಂಗ್ವಿಷರ್ ಪಕ್ಕದಲ್ಲಿಟ್ಟುಕೊಳ್ಳದೆ ಕೀ ಮುಟ್ಟಬೇಡಿ.

ಜೆಪಿನಗರದ_ಪದ್ಮಿನಿ

ನಿಮಗೆ ಇ-5 ಅಂತ ಒಂದು ದಾರಿಯಾದರೂ ಇದೆ. ಇಲ್ಲಿ ಯಾವ ಬಂಕಿಗೆ ಹೋದರೂ ಇ-20. ಪದ್ಮಿನಿಯ ಪೈಪು ಎರಡು ವರ್ಷದಲ್ಲಿ ಎರಡು ಸಲ ಬದಲಿಸಿದೆ. ಕಾರ್ಬೊರೇಟರಿನ ಜೆಟ್ಟೂ ಸ್ವಲ್ಪ ದೊಡ್ಡದು ಮಾಡಿಸಬೇಕಾಯಿತು.

ವೀಕೆಂಡ್_ವೀರ

ಸೀಸದ ಪೆಟ್ರೋಲಿಗೆ ಮಾಡಿದ ಎಂಜಿನ್ ಅಲ್ವಾ ಇದು? ಅದಕ್ಕೆ ಏನಾದರೂ ಬೆರೆಸಬೇಕಂತಲ್ಲ?

ತುಕ್ಕಿಗೆ_ಅಂಜದವ

ಒಳ್ಳೇ ಪ್ರಶ್ನೆ. ಸೀಸದ ಪೆಟ್ರೋಲ್ ಬ್ರಿಟನ್ನಿನಲ್ಲೂ ಭಾರತದಲ್ಲೂ ನಿಂತದ್ದು 2000ದಲ್ಲಿ. ಈ ಎಂಜಿನ್ನಿನ ಹೆಡ್ಡು ಎರಕದ ಕಬ್ಬಿಣ, ವಾಲ್ವ್ ಕೂರುವ ಸೀಟನ್ನು ಅದರಲ್ಲೇ ಕೊರೆದಿರುತ್ತಾರೆ. ಸೀಸ ಇಲ್ಲದೆ ತುಂಬಾ ಜೋರಾಗಿ, ತುಂಬಾ ದೂರ ಓಡಿಸಿದರೆ ಸೀಟು ಸವೆಯುತ್ತದೆ. ಕೆಲವರು ಪ್ರತಿ ಸಲ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ವರ್ಷಕ್ಕೆ ಸಾವಿರ ಮೈಲಿ ಓಡುವ ಕಾರಿಗೆ ವರ್ಷಕ್ಕೊಮ್ಮೆ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ನೋಡಿದರೆ ಸಾಕು. ಗ್ಯಾಪ್ ಪದೇಪದೇ ಕಮ್ಮಿಯಾಗುತ್ತಿದ್ದರೆ ಆಗ ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸಿದರಾಯಿತು.

ಮಿಚಿಗನ್_ಮಾಣಿ

ಬ್ರೇಕು. ಬ್ರೇಕು. ಬ್ರೇಕು.

ರೆಡಿಂಗ್‌ವಾಸಿ · ಎರಡು ವಾರದ ಮೇಲೆ

ಮಾಣಿ ಸರ್, ಆಯಿತು, ಬ್ರೇಕೇ ಮಾಡಿದೆ. ಈ ಎರಡು ವಾರ ಹೋದದ್ದು ಅದಕ್ಕೇ.

ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಿಂದಿನ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಸುತ್ತಲೂ ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದೆ. ವೀಲ್ ಸಿಲಿಂಡರ್ ಎರಡೂ ಹೊಸದು, ಮುಂದಿನ ಕ್ಯಾಲಿಪರಿನ ಪಿಸ್ಟನ್ ನಾಲ್ಕೂ ಹೊಸದು. ಮಾಸ್ಟರ್ ಸಿಲಿಂಡರ್ ಮುಚ್ಚಳ ತೆಗೆದರೆ ತಳದಲ್ಲಿ ಜೋನಿ ಬೆಲ್ಲದ ಥರ ಏನೋ ಇತ್ತು, ಅದೂ ಹೊಸದು. ನನ್ನ ಕಾರಿನ ಬ್ರೇಕು ಒಂದೇ ಸರ್ಕ್ಯೂಟ್, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ. ಹಾಗಾಗಿ ಇಲ್ಲಿ ಜಿಪುಣತನ ಮಾಡಲಿಲ್ಲ.

ಒಂದು ವಿಷಯ ಮಾತ್ರ ತಲೆ ಕೆಡಿಸಿತು. ಎಲ್ಲ ಹೊಸದು ಹಾಕಿದ ಮೇಲೂ ಮುಂದಿನ ಎಡ ಚಕ್ರ, ಪೆಡಲ್ ಬಿಟ್ಟರೂ ಹಿಡಿದುಕೊಂಡೇ ಇರುತ್ತಿತ್ತು. ಕೊನೆಗೆ ರಬ್ಬರ್ ಹೋಸ್ ಬಿಚ್ಚಿ ಅಡ್ಡ ಕತ್ತರಿಸಿ ನೋಡಿದೆ. ಹೊರಗೆ ಹೊಸದರ ಹಾಗಿದೆ, ಒಳಗೆ ಊದಿಕೊಂಡು ತೂತು ಸೂಜಿಯಷ್ಟಾಗಿದೆ. ಕಾಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತಿತ್ತು, ವಾಪಸ್ ಬರುತ್ತಿರಲಿಲ್ಲ. ಮೂರು ಹೋಸೂ ಹೊಸದು ಹಾಕಿದೆ.

ಕಾರ್ಬೊರೇಟರ್ ಎರಡೂ ಬಿಚ್ಚಿ ತೊಳೆದೆ, ಫ್ಲೋಟ್ ನೀಡಲ್ ಬದಲಿಸಿದೆ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೊಸ ಕ್ಯಾಪು, ರೋಟರು, ಪಾಯಿಂಟು, ಕಂಡೆನ್ಸರು, ಹೊಸ ಪ್ಲಗ್ ವಯರು. ಆಯಿಲ್ 20ಡಬ್ಲ್ಯು-50. ಈ ಶನಿವಾರ ಸೆಲ್ಫ್.

ತಿಪಟೂರು_ಟ್ಯಾಕ್ಸಿ

ಅಪ್ಪ ಎರಡು ಮಾತು ಹೇಳಿದರು. ಪಾಯಿಂಟ್ ಗ್ಯಾಪು ಹದಿನೈದು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಫೀಲರ್ ಗೇಜ್ ಇಲ್ಲದಿದ್ದರೆ ಬೆಂಕಿಪೊಟ್ಟಣದ ರಟ್ಟು. ಎರಡನೇದು, ಪ್ಲಗ್ ಹಾಕದೆ ಸೆಲ್ಫ್ ಹೊಡೆದು ಮೊದಲು ಆಯಿಲ್ ಪ್ರೆಷರ್ ಬರಿಸಬೇಕು. "ಪ್ರೆಷರ್ ಮುಳ್ಳು ಏಳೋವರೆಗೂ ಪ್ಲಗ್ ಮುಟ್ಟಬೇಡ ಅಂತ ಹೇಳು."

ರೆಡಿಂಗ್‌ವಾಸಿ · ಶನಿವಾರ ಸಂಜೆ

ಬೇಜಾರಿನ ಸುದ್ದಿ, ಆದರೆ ಪೂರ್ತಿ ಬೇಜಾರಿನದಲ್ಲ.

ಪ್ಲಗ್ ಇಲ್ಲದೆ ಹತ್ತು ಸೆಕೆಂಡ್ ಹೊಡೆದೆ, ಮುಳ್ಳು ಸೊನ್ನೆ. ಬಿಟ್ಟು ಮತ್ತೆ ಹತ್ತು, ಸೊನ್ನೆ. ನಾಲ್ಕನೇ ಸಲಕ್ಕೂ ಸೊನ್ನೆಯೇ. ಆಯಿಲ್ ಪಂಪು ಹೋಗಿದೆ ಅಂತ ಕೈ ಬಿಡುವವನಿದ್ದೆ. ಐದನೇ ಸಲ ಮುಳ್ಳು ಒಮ್ಮೆ ನಡುಗಿತು, ಆಮೇಲೆ ನಿಧಾನವಾಗಿ 40ಕ್ಕೆ ಬಂದು ನಿಂತಿತು. ಮಗಳು ಪಕ್ಕದಲ್ಲಿದ್ದಳು. ಇದಕ್ಕೆಲ್ಲ ಯಾಕೆ ಕುಣಿಯುತ್ತೀಯಪ್ಪಾ ಅಂತ ಕೇಳಿದಳು.

ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಹೊಡೆದೆ. ಒಂದು ಕ್ಷಣ ಹಿಡಿದುಕೊಂಡ ಹಾಗೆ ಆಗುತ್ತದೆ, 'ಧಡ ಧಡ' ಅಂತ ಕುಂಟುತ್ತದೆ, ಕಾರ್ಬೊರೇಟರ್ ಬಾಯಿಂದ 'ಢಮ್' ಅಂತ ಬ್ಯಾಕ್‌ಫೈರ್, ನಿಂತುಹೋಗುತ್ತದೆ. ಹತ್ತು ಸಲ ಮಾಡಿದೆ, ಹತ್ತು ಸಲವೂ ಹಾಗೇ. ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬೀಳುವ ಸರದಿ) 1-3-4-2, ಪುಸ್ತಕ ನೋಡಿಯೇ ವಯರ್ ಹಾಕಿದ್ದೇನೆ. ಪ್ಲಗ್ಗಿನಲ್ಲಿ ಕರೆಂಟ್ ನಾಲ್ಕಕ್ಕೂ ಬರುತ್ತಿದೆ.

ವೀಕೆಂಡ್_ವೀರ

ಕಾರ್ಬೊರೇಟರಿನಿಂದ ಬ್ಯಾಕ್‌ಫೈರ್ ಅಂದರೆ ಪೆಟ್ರೋಲ್ ಕಮ್ಮಿ. ಗ್ಯಾಸ್ಕೆಟ್ ಹತ್ತಿರ ಗಾಳಿ ಎಳೆದುಕೊಳ್ಳುತ್ತಿರಬೇಕು.

ಮಿಚಿಗನ್_ಮಾಣಿ

ಒಂದು ಕಾರ್ಬೊರೇಟರ್ ಪೂರ್ತಿ ಕೆಲಸ ಮಾಡುತ್ತಿಲ್ಲ ಅನ್ನಿಸುತ್ತದೆ. ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ, ಅರ್ಧ ತಲೆನೋವು ಹೋಗುತ್ತದೆ.

ಜೆಪಿನಗರದ_ಪದ್ಮಿನಿ

ಕರೆಂಟ್ ಬರುತ್ತಿರುವಾಗ ಪಾಯಿಂಟನ್ನು ಯಾಕೆ ಬೈಯುತ್ತೀರಿ? ನನಗೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ.

ರೆಡಿಂಗ್‌ವಾಸಿ

ನೋಡಿದೆ. ಒಂದರಿಂದ ನಾಲ್ಕರವರೆಗೆ 140, 138, 135, 142 ಪಿಎಸ್‌ಐ. ಚೆನ್ನಾಗಿಯೇ ಇದೆ ಅಲ್ವಾ? ಹಾಗಾದರೆ ಮತ್ತೇನು?

ತಿಪಟೂರು_ಟ್ಯಾಕ್ಸಿ

ಅಪ್ಪ ಸಂಜೆ ತೋಟದಿಂದ ಬಂದ ಮೇಲೆ ಓದಿ ಹೇಳಿದೆ. ಒಂದೇ ಪ್ರಶ್ನೆ ಕೇಳಿದರು: "ಹೊಡೆದು ನಿಲ್ಲಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡು ಅನ್ನು. ಯಾವ್ಯಾವುದು ಒದ್ದೆ?"

ರೆಡಿಂಗ್‌ವಾಸಿ

ಎರಡು ಮತ್ತು ಮೂರು. ತೊಪ್ಪೆಯಾಗಿವೆ. ಒಂದು ಮತ್ತು ನಾಲ್ಕು ಒಣಗಿವೆ, ಸ್ವಲ್ಪ ಕಪ್ಪಾಗಿವೆ.

ತಿಪಟೂರು_ಟ್ಯಾಕ್ಸಿ

ಅಪ್ಪ ನಗುತ್ತಿದ್ದಾರೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಒಂದು ಕಾರ್ಬೊರೇಟರ್ ಕೆಟ್ಟಿದ್ರೆ ಒಂದು-ಎರಡು ಜೋಡಿ ಹೋಗ್ಬೇಕು, ಇಲ್ಲಾ ಮೂರು-ನಾಲ್ಕು. ಈ ಹೆಡ್ಡಲ್ಲಿ ಎರಡೆರಡು ಸಿಲಿಂಡರಿಗೆ ಒಂದೊಂದೇ ಬಾಯಿ. ನಡುವಿನ ಎರಡು ಒಟ್ಟಿಗೆ ಹೋದ್ರೆ ಗ್ಯಾಸ್ಕೆಟ್ ನಡುವೆ ಸುಟ್ಟಿರ್ಬೇಕು. ಆದ್ರೆ ಕಂಪ್ರೆಷನ್ ಇದೆ ಅಂತಾನೆ. ಇನ್ನೇನು ಉಳೀತು? ಎರಡರ ವಯರ್ ಮೂರಕ್ಕೆ ಹಾಕಿದ್ದಾನೆ, ಮೂರರದ್ದು ಎರಡಕ್ಕೆ. ಡೆಲ್ಕೋ ಬಲಕ್ಕೆ ತಿರುಗುತ್ತೆ ಅಂದ್ಕೊಂಡು ಗಡಿಯಾರದ ಥರ 1-3-4-2 ಜೋಡಿಸಿದ್ದಾನೆ. ಈ ಎಂಜಿನ್ನಿನ ಡೆಲ್ಕೋ ಎಡಕ್ಕೆ ತಿರುಗೋದು. ಪ್ರದಕ್ಷಿಣೆ ಅಲ್ಲ ಅದು, ಅಪ್ರದಕ್ಷಿಣೆ."

ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಅಣ್ಣ. ನಮ್ಮ ಕಡೆ ಹಾಗೇ ಅನ್ನುವುದು.

ಸುಮ್ನೆ_ಓದುವವಳು

ತಡೀರಿ, ನನಗೂ ಅರ್ಥವಾಗಲಿ. ತಿರುಗುವ ದಿಕ್ಕು ಉಲ್ಟಾ ಆದರೆ ನಾಲ್ಕೂ ತಪ್ಪಬೇಕಲ್ಲ? ಎರಡೇ ಯಾಕೆ ತಪ್ಪಿತು?

ತುಕ್ಕಿಗೆ_ಅಂಜದವ

ಕ್ಯಾಪಿನಲ್ಲಿ ನಾಲ್ಕು ಕಂಬ ಇದೆ ಅಂದುಕೊಳ್ಳಿ. ಒಂದರಿಂದ ಶುರುಮಾಡಿ ಬಲಕ್ಕೆ 1, 3, 4, 2 ಅಂತ ಜೋಡಿಸಿ. ಈಗ ಅದೇ ಕ್ಯಾಪನ್ನು ಎಡಕ್ಕೆ ಓದಿ: 1, 2, 4, 3. ಒಂದು ಇದ್ದಲ್ಲೇ ಇದೆ. ನಾಲ್ಕು ಅದರ ಎದುರಿಗೇ ಇರುವುದರಿಂದ ಅದೂ ಸರಿ. ಎರಡು ಮೂರು ಮಾತ್ರ ಅದಲುಬದಲು. ಆ ಎರಡು ಸಿಲಿಂಡರಿನಲ್ಲಿ ಕಿಡಿ ಪೂರ್ತಿ ಒಂದು ಸುತ್ತು ತಪ್ಪಿ ಬೀಳುತ್ತದೆ. ಹೊಗೆ ಹೊರಗೆ ಹೋಗಿ ಮುಗಿದು, ಇನ್‌ಲೆಟ್ ವಾಲ್ವ್ ಬಾಯಿ ತೆರೆಯುವ ಹೊತ್ತಿಗೆ ಕಿಡಿ. ಒಳಗೆ ಬರುತ್ತಿರುವ ಪೆಟ್ರೋಲ್ ಗಾಳಿಗೆ ಅಲ್ಲೇ ಬೆಂಕಿ, ಕಾರ್ಬೊರೇಟರ್ ಬಾಯಿಂದ 'ಢಮ್'. ಎಲ್ಲ ಕೂಡಿಬರುತ್ತದೆ. ನಾನು 30 ವರ್ಷದಿಂದ ಈ ಕಾರುಗಳ ಜೊತೆ ಇದ್ದೇನೆ. ಪ್ಲಗ್ ಒದ್ದೆಯಾ ಅಂತ ಕೇಳುವುದು ನನಗೇ ಹೊಳೆಯಲಿಲ್ಲ. ದೊಡ್ಡವರಿಗೆ ನನ್ನ ನಮಸ್ಕಾರ ಹೇಳಿ.

ರೆಡಿಂಗ್‌ವಾಸಿ · ಭಾನುವಾರ ಬೆಳಿಗ್ಗೆ

ಎರಡು ವಯರ್. ಎರಡೇ ಎರಡು ವಯರ್ ಅದಲುಬದಲು ಮಾಡಿದೆ, ಪ್ಲಗ್ ಒಣಗಿಸಿ ಹಾಕಿದೆ.

ಮೂರನೇ ಸುತ್ತಿಗೆ ಹಿಡಿಯಿತು. ಮೊದಲು ನೀಲಿ ಹೊಗೆ, ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆಯೆಲ್ಲ ಸುಡಬೇಕಲ್ಲ. ಗ್ಯಾರೇಜಿನ ಒಳಗೆ ಏನೂ ಕಾಣುತ್ತಿರಲಿಲ್ಲ. ಎಕ್ಸಾಸ್ಟ್ ಪೈಪಿನಿಂದ ಇಲಿ ಗೂಡಿನ ಹುಲ್ಲು, ಒಂದಷ್ಟು ಕಡಲೆಕಾಯಿ ಸಿಪ್ಪೆ ಹಾರಿ ಬಂದು ಎದುರಿನ ಗೋಡೆಗೆ ಬಿತ್ತು. ಐದು ನಿಮಿಷದಲ್ಲಿ ಹೊಗೆ ತಿಳಿಯಾಯಿತು. ಚೋಕ್ ಒಳಗೆ ತಳ್ಳಿದೆ. ನಿಂತಲ್ಲೇ ಗುರುಗುಟ್ಟುತ್ತಾ ಓಡುತ್ತಿದೆ. ಆಯಿಲ್ ಪ್ರೆಷರ್ 60, ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ 20.

ಅಜ್ಜಿಗೆ ಆ ಬೀದಿಯ ಕೊನೆಗೇ ಕೇಳಿಸಿತಂತೆ. ಚಪ್ಪಲಿ ಹಾಕಿಕೊಳ್ಳದೆ ಬಂದುಬಿಟ್ಟರು. ಬಾಗಿಲ ಹತ್ತಿರ ನಿಂತು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಅವರು ಯಾವಾಗಲೂ ಇಷ್ಟು ಚೋಕ್ ಎಳೆಯುತ್ತಿರಲಿಲ್ಲ ಅಂದರು.

ಮಿಚಿಗನ್_ಮಾಣಿ

ಆಹಾ. ಈಗ ರಿವರ್ಸ್ ಹಾಕಬೇಡಿ.

ರೆಡಿಂಗ್‌ವಾಸಿ

ಹಾಕಲು ಆಗುತ್ತಲೂ ಇಲ್ಲ! ಕ್ಲಚ್ ಒತ್ತಿದರೂ ಗೇರ್ 'ಕರಕರ' ಅನ್ನುತ್ತದೆ. ಕ್ಲಚ್ ಆಯಿಲ್ ಹೊಸದು, ಕೆಳಗೆ ರಾಡ್ ಪೂರ್ತಿ ಚಲಿಸುತ್ತಿದೆ.

ಜೆಪಿನಗರದ_ಪದ್ಮಿನಿ

ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆ. ಗೇರ್‌ಬಾಕ್ಸ್ ಇಳಿಸಲು ಹೋಗಬೇಡಿ. ಎಂಜಿಬಿಯಲ್ಲಿ ಅದಕ್ಕಾಗಿ ಎಂಜಿನ್ ಸಮೇತ ಎತ್ತಬೇಕು. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ನಿಲ್ಲಿಸಿ, ಪೆಡಲ್ ಪೂರ್ತಿ ಒತ್ತಿ ಸೀಟಿಗೂ ಪೆಡಲಿಗೂ ನಡುವೆ ಕಟ್ಟಿಗೆ ತುಂಡು ಕೊಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೂರನೇ ಗೇರಿನಲ್ಲಿಟ್ಟು ಮುಂದಕ್ಕೂ ಹಿಂದಕ್ಕೂ ಜಗ್ಗಾಡಿ.

ರೆಡಿಂಗ್‌ವಾಸಿ · ಬುಧವಾರ

ಮೊದಲ ರಾತ್ರಿ ಆಗಲಿಲ್ಲ. ಎರಡನೇ ಬೆಳಿಗ್ಗೆ ಮಗಳೂ ನಾನೂ ಸೇರಿ ಜಗ್ಗುವಾಗ 'ಟಕ್' ಅಂತ ಬಿಟ್ಟಿತು. ಮನೆ ಮುಂದಿನ ಜಾಗದಲ್ಲಿ ಮೂರು ಮೀಟರ್ ಮುಂದೆ, ಮೂರು ಮೀಟರ್ ಹಿಂದೆ. ಬ್ರೇಕ್ ಹಿಡಿಯುತ್ತದೆ, ಗ್ಯಾರೇಜಿನ ಬಾಗಿಲು ಕ್ಷೇಮ.

ರಸ್ತೆಗೆ ಈಗಲೇ ಇಲ್ಲ. 40 ವರ್ಷ ದಾಟಿದ ಕಾರಿಗೆ ಇಲ್ಲಿ ವರ್ಷಕ್ಕೊಮ್ಮೆಯ ಎಂಒಟಿ ಫಿಟ್‌ನೆಸ್ ಪರೀಕ್ಷೆ ಕಡ್ಡಾಯವಲ್ಲ, ಟ್ಯಾಕ್ಸೂ ಸೊನ್ನೆ, ಆದರೂ ಅರ್ಜಿ ಹಾಕಬೇಕು. ಕಡ್ಡಾಯ ಇಲ್ಲದಿದ್ದರೂ ಪರೀಕ್ಷೆ ಮಾಡಿಸುತ್ತೇನೆ. ಹಿಡಿವರೆಗೆ ಹೋದ ಆ ಸ್ಕ್ರೂಡ್ರೈವರ್ ಕಣ್ಣ ಮುಂದೆಯೇ ಇದೆ. ಎಡಗಡೆ ಸಿಲ್ ವೆಲ್ಡಿಂಗಿಗೆ ಬರುವ ತಿಂಗಳು ದಿನ ಗೊತ್ತಾಗಿದೆ. ಟೈರೂ ಐದು ಹೊಸದು ಬೇಕು. ಈಗಿರುವುದರಲ್ಲಿ ಬಿರುಕು ಎಣಿಸಲು ಆಗುವುದಿಲ್ಲ.

ತಿಪಟೂರಿನ ಹಿರಿಯರಿಗೆ ಐಡ್ಲಿಂಗಿನ ಆಡಿಯೋ ಕಳಿಸಿದ್ದೇನೆ. ಕೇಳಿಸಿದಿರಾ?

ತಿಪಟೂರು_ಟ್ಯಾಕ್ಸಿ

ಕೇಳಿಸಿದೆ, ಅಣ್ಣ. ಫೋನ್ ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. ಒಂದು ಟ್ಯಾಪೆಟ್ ಜಾಸ್ತಿ ಬಡಿಯುತ್ತಿದೆಯಂತೆ. ತಣ್ಣಗಿರುವಾಗ ಎಂಟೂ ಹದಿನೈದು ಥೌಗೆ ಇಡಿ ಅಂದರು. ಮುಂದಿನ ಕಾರ್ಬೊರೇಟರ್ ಸ್ವಲ್ಪ ಜಾಸ್ತಿ ಎಳೆಯುತ್ತಿದೆ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಒಂದೊಂದು ಕಾರ್ಬೊರೇಟರಿನ ಬಾಯಿಗೆ ಇಟ್ಟು 'ಸುಯ್' ಶಬ್ದ ಎರಡರದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿ ಅಂದರು.

ಆಮೇಲೆ ಫೋನ್ ವಾಪಸ್ ಕೊಟ್ಟು ಕೇಳಿದರು: "ಅದೆಲ್ಲ ಸರಿ, ಲೀಟರಿಗೆ ಎಷ್ಟು ಕೊಡುತ್ತಂತೆ?"

ರೆಡಿಂಗ್‌ವಾಸಿ

ಇಲ್ಲಿಯವರೆಗೆ ಹತ್ತು ಲೀಟರಿಗೆ ಆರು ಮೀಟರ್ ಅಂತ ಹೇಳಿ.